ಬೋಜಣ್ಣ ಮುಚ್ಚಿದ ಐದು ಪೈಪುಗಳು

ಬಾಣಂತಿಯ ಕೋಣೆ ಒದ್ದೆಯಾದರೆ ಯಾವ ತಾಯಿಗೆ ತಾನೇ ನೆಮ್ಮದಿ? ಕುಲಶೇಖರದ ಕುಶಲಕ್ಕನಿಗೂ ಇರಲಿಲ್ಲ. ಹೆರಿಗೆಗೆಂದು ತವರಿಗೆ ಬಂದಿದ್ದ ಮಗಳು ನಿರೀಕ್ಷಾ ಹೆತ್ತು ಎಂಟು ದಿನವಾಗಿತ್ತು. ಗಾಳಿ ಬೀಸದ, ಬಿಸಿನೀರಿನ ಬಚ್ಚಲಿಗೆ ಹತ್ತಿರವಾದ ಹಿಂದಿನ ಕೋಣೆಯಲ್ಲಿ ತಾಯಿ-ಮಗು ಇಬ್ಬರನ್ನೂ ಮಲಗಿಸಿದ್ದರು. ಕಿಟಕಿಯಿಂದ ನಾಲ್ಕು ಹೆಜ್ಜೆ ಆಚೆಗೆ ಗುಡ್ಡ. ಮನೆ ಕಟ್ಟುವಾಗ ಜೆಸಿಬಿ ತರಿಸಿ ಅದನ್ನು ನೆಟ್ಟಗೆ ಕೊರೆದು, ಎರಡಾಳೆತ್ತರದ ಕಲ್ಲಿನ ಗೋಡೆ ಕಟ್ಟಿಸಿದ್ದರು. ಗೋಡೆಯ ಬುಡದಲ್ಲಿ ಐದು ಪೈಪುಗಳಿದ್ದವು. ಆಷಾಢದ ಹೊತ್ತಿನ ಆಟಿ ತಿಂಗಳ ಮಳೆ ಹಿಡಿದರೆ ಸಾಕು, ಐದರಿಂದಲೂ ತಣ್ಣನೆ ನೀರು ಹಿತ್ತಲಿಗೆ ಸುರಿಯುತ್ತಿತ್ತು.

ಮಗು ಎರಡು ಸಲ ಸೀನಿತು. ಅಜ್ಜ ಬೋಜಣ್ಣನಿಗೆ ಅಷ್ಟೇ ಸಾಕಾಯಿತು. ಗಲ್ಫಿನಲ್ಲಿ ಇಪ್ಪತ್ತು ವರ್ಷ ಮೇಸ್ತ್ರಿಯಾಗಿ ದುಡಿದು ಬಂದವರು ಅವರು. ವರ್ಷಕ್ಕೆ ನಾಲ್ಕು ಹನಿ ಬಿದ್ದರೆ ಹೆಚ್ಚು ಎನ್ನುವ ಊರಿನ ಮೇಸ್ತ್ರಿತನ ಅದು ಎನ್ನುವುದು ಬೇರೆ ಮಾತು. ಒಂದು ಬಾಂಡ್ಲಿ ಸಿಮೆಂಟು ಕಲಸಿ ಐದೂ ಪೈಪುಗಳ ಬಾಯಿ ಮುಚ್ಚಿಬಿಟ್ಟರು.

“ನೋಡು, ಈಗ ಒಂದು ಹನಿ ಉಂಟಾ?”

ಇರಲಿಲ್ಲ. ಕುಶಲಕ್ಕನಿಗೂ ಖುಷಿಯಾಯಿತು. ಆ ಖುಷಿಗಾಗಿ ಅವರು ಈಗಲೂ ತಮ್ಮನ್ನೇ ಬೈದುಕೊಳ್ಳುತ್ತಾರೆ.

ಮೂರು ದಿನ ಮಳೆ ಬಿಡಲೇ ಇಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಎದುರುಮನೆಯ ಪ್ರಭಾ ಟೀಚರ್, ಬಾಣಂತಿಯ ಸ್ನಾನದ ನೀರಿಗೆಂದು ನೆಕ್ಕಿ ಸೊಪ್ಪು ಹಿಡಿದುಕೊಂಡು ಹಿತ್ತಲಿಗೆ ಬಂದರು. ಅವರು ವಾಮಂಜೂರಿನ ಕಾಲೇಜಿನಲ್ಲಿ ಭೂಗೋಳ ಕಲಿಸುವವರು. ಬಂದವರು ಸೊಪ್ಪನ್ನು ಕೊಡುವುದನ್ನೂ ಮರೆತು ನಿಂತರು.

“ಕುಶಲಕ್ಕ, ಈ ಪೈಪಿಗೆಲ್ಲ ಎಂತ ಆಯ್ತು?”

“ಇವರೇ ಮುಚ್ಚಿದ್ದು ಟೀಚರ್. ಮಗುವಿಗೆ ಥಂಡಿ ಆಗ್ತದೆ ಅಂತ.”

ಟೀಚರ್ ಎರಡು ಹೆಜ್ಜೆ ಹಿಂದೆ ಸರಿದರು. “ಅಯ್ಯೋ ದೇವರೇ! ಗೋಡೆಗೆ ಹೊಟ್ಟೆ ಬಂದಿದೆಯಲ್ಲ, ನೀವು ನೋಡ್ಲಿಲ್ವಾ?”

ಆಗಲೇ ಕುಶಲಕ್ಕ ನೋಡಿದ್ದು. ನೆಟ್ಟಗಿದ್ದ ಗೋಡೆಯ ನಡುಭಾಗ ಮನೆಯ ಕಡೆಗೆ ಉಬ್ಬಿತ್ತು.

ಮಾತು ಕೇಳಿ ಬೋಜಣ್ಣ ಕೊಡೆ ಹಿಡಿದು ಹೊರಬಂದರು. “ಎಂತ ಇಲ್ಲ ಟೀಚರ್, ಸುಮ್ಮನೆ ಹೆದರಿಸಬೇಡಿ. ಇದು ಕೆಂಪು ಮುರಕಲ್ಲಿನ ಗುಡ್ಡ. ನಮ್ಮ ಅಜ್ಜನ ಅಜ್ಜನ ಕಾಲದಿಂದ ನಿಂತದ್ದು, ಈ ಮಳೆಗೆ ಬೀಳ್ತದಾ?”

“ಮುರಕಲ್ಲು ಮೇಲೆ ಮಾತ್ರ, ಬೋಜಣ್ಣ. ಅಡಿಯಲ್ಲಿ ಎಂತ ಉಂಟು? ಬಾವಿ ತೋಡುವಾಗ ನೋಡಿದ್ದೀರಲ್ಲ?”

ನೋಡಿದ್ದರು. ಬಿಳಿ, ಹಳದಿ ಬಣ್ಣದ ಶೇಡಿ ಮಣ್ಣು. ಒಣಗಿದಾಗ ಗಟ್ಟಿ, ನೀರು ಕುಡಿದರೆ ದೋಸೆ ಹಿಟ್ಟು.

“ಲಕ್ಷಗಟ್ಟಲೆ ವರ್ಷ ಮಳೆ ಸುರಿದು ಸುರಿದು, ಅಡಿಯ ಕರಿಬಂಡೆಯೇ ಕೊಳೆತು ಆ ಮಣ್ಣಾದದ್ದು. ಮೇಲ್ಗಡೆ ಕಬ್ಬಿಣದ ಅಂಶ ಉಳಿದು ಗಟ್ಟಿಯಾದದ್ದು ಮುರಕಲ್ಲು. ಅದರ ತುಂಬ ತೂತು. ಮಳೆನೀರು ಆ ತೂತಿನಲ್ಲಿ ಇಳಿದು, ಶೇಡಿ ಮಣ್ಣು ಸಿಕ್ಕಿದ ಕೂಡಲೇ ತಡೆದು ನಿಲ್ತದೆ. ಮತ್ತೆ ಮೆಲ್ಲ ಬದಿಗೆ ಹರಿದು ಒರತೆಯಾಗಿ ಹೊರಗೆ ಬರ್ತದೆ. ನಮ್ಮ ಬಾವಿಗೆ, ಗದ್ದೆಗೆ ನೀರು ಕೊಟ್ಟದ್ದು ಅದೇ ಒರತೆ. ಗುಡ್ಡ ಹಾಗಿರುವುದರಿಂದಲೇ ಈ ಊರಲ್ಲಿ ಜನ ನೆಲೆ ನಿಂತದ್ದು, ಬೋಜಣ್ಣ. ನಾವು ಜೆಸಿಬಿ ತಂದು ಅದರ ಬುಡ ಕಡಿದೆವು. ಈಗ ನೀವು ನೀರು ಹೊರಗೆ ಬರುವ ದಾರಿಯನ್ನೂ ಕಟ್ಟಿದ್ದೀರಿ. ಮೂರು ದಿನದ ನೀರು ಎಲ್ಲಿಗೆ ಹೋಗಿದೆ, ಹೇಳಿ?”

ಬೋಜಣ್ಣ ಗೋಡೆಯನ್ನು ನೋಡಿದರು. ಕುಶಲಕ್ಕನೂ ನೋಡಿದರು.

“ಹಾರೆ ತಾ ಕುಶಲಾ, ಈಗಲೇ ಒಡೆದು ಬಿಡ್ತೇನೆ.”

“ಬೇಡ! ಇನ್ನು ಅದರ ಹತ್ತಿರ ಹೋಗ್ಲಿಕ್ಕಿಲ್ಲ. ಮೊದಲು ನಿರೀಕ್ಷಾನನ್ನು, ಮಗುವನ್ನು ಕರ್ಕೊಂಡು ನಮ್ಮ ಮನೆಗೆ ಬನ್ನಿ.”

ಬೋಜಣ್ಣ ತಡವರಿಸಿದರು. “ಹಿತ್ತಲ ದಾರಿ ಗೋಡೆಯ ಬುಡದಲ್ಲೇ ಉಂಟು, ಹೋಗುವುದಾದ್ರೆ ಚಾವಡಿ ದಾಟಿಯೇ ಹೋಗ್ಬೇಕಲ್ಲ. ಅಲ್ಲಿ ಮನೆದೈವದ ಮಂಚ ಉಂಟು. ಹೆರಿಗೆಯ ಮೈಲಿಗೆ, ಈ ಅಮೆ ಕಳೆಯದೆ ಬಾಣಂತಿ ಅಲ್ಲಿ ಕಾಲಿಡುವುದಾ? ನಿಮ್ಮದು ಅರ್ಚಕರ ಮನೆ ಬೇರೆ. ಇನ್ನು ಐದು ದಿನ ತಾನೇ, ಮತ್ತೆ ನೋಡುವ.”

“ನಮ್ಮ ಮನೆಯದ್ದು ನನಗೆ ಬಿಡಿ, ಮಾರಾಯ್ರೆ!”

ಅಷ್ಟರಲ್ಲಿ ಗೋಡೆಯ ಕಲ್ಲುಗಳ ಸಂದಿಯಿಂದ ಅಕ್ಕಿ ತೊಳೆದಂಥ ಬಿಳಿ ನೀರು ಜಿನುಗತೊಡಗಿತು. ಕುಶಲಕ್ಕ ಬೆರಳು ತೋರಿಸಿದರು.

“ಅದು ಬರೀ ನೀರಲ್ಲ. ಒಳಗಿನ ಮಣ್ಣೇ ಹೊರಟಿದೆ,” ಎಂದರು ಟೀಚರ್.

ಮದುವೆಯಾಗಿ ಮೂವತ್ತು ವರ್ಷ, ಕುಶಲಕ್ಕ ಗಂಡನ ಮಾತು ಮೀರಿದವರಲ್ಲ. ಅಂದು ಅವರ ಮುಖವನ್ನೂ ನೋಡದೆ ಒಳಗೆ ಓಡಿ ಮಗುವನ್ನು ಎತ್ತಿಕೊಂಡರು.

“ಏಳು ಮಗಾ, ಹೊರಡು.”

“ಚಾವಡಿ ದಾಟಿಯಾ ಅಮ್ಮ? ಅಮೆ…”

“ದೈವಕ್ಕೆ ತಪ್ಪುಕಾಣಿಕೆ ನಾನು ಇಡ್ತೇನೆ. ನಿಮ್ಮನ್ನು ಮಣ್ಣಿನಡಿಯಿಂದ ತೆಗೆಯುವ ಕೆಲಸ ನನ್ನಿಂದ ಆಗ್ಲಿಕ್ಕಿಲ್ಲ. ನಡಿ!”

ಎಲ್ಲರೂ ರಸ್ತೆ ದಾಟಿದರು. ಟೀಚರ ಗಂಡ ತ್ರಿವಿಕ್ರಮ ಭಟ್ಟರು ತಾವೇ ಚಾಪೆ ಹಾಸಿ ಕೊಟ್ಟರು. ಅರ್ಧ ಗಂಟೆ ಕಳೆದಿರಬೇಕು, ಲಾರಿಯಿಂದ ಒಮ್ಮೆಲೇ ಕಲ್ಲು ಸುರಿದಂಥ ಸದ್ದಾಯಿತು. ಮಗು ಬೆಚ್ಚಿ ಅಳತೊಡಗಿತು. ಉಳಿದವರು ರಸ್ತೆಗೆ ಓಡಿದರು.

ಹಿಂದಿನ ಕೋಣೆಯೆಂಬುದು ಉಳಿದಿರಲಿಲ್ಲ. ಗೋಡೆಯೂ ಗುಡ್ಡವೂ ಒಟ್ಟಿಗೆ ಒಳಗೆ ಬಂದಿದ್ದವು. ಬಾಣಂತಿಯ ಮಂಚ ಇದ್ದಲ್ಲಿ ಆಳೆತ್ತರಕ್ಕೆ ಬಿಳಿ ಕೆಸರು, ಅದರ ಮೇಲೆ ಕಲ್ಲುಗಳು. ಬೋಜಣ್ಣ ಮಳೆಯಲ್ಲೇ ರಸ್ತೆಯಲ್ಲಿ ಕುಸಿದು ಕುಳಿತು ತಮ್ಮ ಎರಡೂ ಕೈಗಳನ್ನು ನೋಡಿಕೊಂಡರು.

“ನಾನೇ… ಕುಶಲಾ, ಈ ಕೈಯಿಂದ ನಾನೇ…” ಎಂದರು. ಕುಶಲಕ್ಕನಿಗೆ ಸಿಟ್ಟೂ ಬರಲಿಲ್ಲ, ಅಳುವೂ ಬರಲಿಲ್ಲ. ಹೋಗಿ ಗಂಡನ ತಲೆಯ ಮೇಲೆ ಕೊಡೆ ಹಿಡಿದರು.

ಈಗ ಅಲ್ಲಿ ಎಂಜಿನಿಯರ್ ಹೇಳಿದಂತೆ ಗುಡ್ಡವನ್ನು ಇಳಿಜಾರು ಮಾಡಿ, ಮೇಲಿನ ನೀರಿಗೆ ಚರಂಡಿ ತೋಡಿದ್ದಾರೆ. ಮಳೆಗಾಲಕ್ಕೆ ಮುಂಚೆ ಬೋಜಣ್ಣ ಕಬ್ಬಿಣದ ಸರಳು ಹಿಡಿದು ಮನೆಮನೆಗೆ ಹೋಗಿ ಪೈಪುಗಳನ್ನು ಕೆದಕಿ ನೋಡುತ್ತಾರೆ. ಯಾರಾದರೂ ನಕ್ಕರೆ, “ನಗು ಮಾರಾಯ, ಆದ್ರೆ ಪೈಪು ತೆರೆದಿಡು,” ಎನ್ನುತ್ತಾರೆ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯ ಹಿಂದೆಯೂ ಕೊರೆದ ಗುಡ್ಡ ಇದೆಯೇ? ತಿಳಿದವರನ್ನು ಕೇಳದೆ ಇನ್ನಷ್ಟು ಕೊರೆಸಬೇಡಿ. ಗೋಡೆಯ ಪೈಪುಗಳನ್ನು ಯಾವ ಕಾರಣಕ್ಕೂ ಮುಚ್ಚಬೇಡಿ, ಕಸ ಕಟ್ಟಿದ್ದರೆ ಬೇಸಿಗೆಯಲ್ಲೇ ಬಿಡಿಸಿ. ಮಳೆಯ ನಡುವೆ ಹರಿಯುವ ನೀರು ಥಟ್ಟನೆ ನಿಂತರೆ, ಕೆಸರಾದರೆ, ಗೋಡೆ ಉಬ್ಬಿದರೆ, ಗುಡ್ಡದ ಮೇಲೆ ಬಿರುಕು ಕಂಡರೆ, ಮರ ವಾಲಿದರೆ ಅಲ್ಲಿ ನಿಲ್ಲಲೇಬೇಡಿ. ಹೊರಗೆ ಬಂದು 1077ಕ್ಕೆ ಫೋನ್ ಮಾಡಿ. ಒಳಗೆ ಬಾಣಂತಿ ಇರಲಿ, ಹಾಸಿಗೆ ಹಿಡಿದವರಿರಲಿ, ಒಲೆಯ ಮೇಲೆ ಅನ್ನವೇ ಇರಲಿ, ಮೊದಲು ಜೀವಗಳು ಹೊರಗೆ ಬರಲಿ. ಕುಶಲಕ್ಕನಿಗೆ ಅರ್ಧ ಗಂಟೆ ಸಿಕ್ಕಿತು. ನಿಮಗೆ ಅಷ್ಟು ಸಿಗುತ್ತದೆಂದು ಯಾರೂ ಹೇಳಲಾರರು.