ಪೆನ್ಸಿಲ್ ಗುರುತಿನ ಸಾಲು

ಕಾಲರಿನ ಮೇಲೆ ಇಸ್ತ್ರಿಪೆಟ್ಟಿಗೆ ಒತ್ತುತ್ತಿದ್ದಾಗ ದರ್ಜಿಗೆ ಹೊಳೆಯಿತು, ಬೆಳಿಗ್ಗೆಯಿಂದ ಇದೊಂದೇ ಅಂಗಿಯನ್ನು ತಿರುಗಿಸಿ ಮುರುಗಿಸಿ ಇಸ್ತ್ರಿ ಮಾಡುತ್ತಿದ್ದೇನೆ ಎಂದು. ಹಜಾರದಲ್ಲಿ ಹೆಂಡತಿಯನ್ನು ಮಲಗಿಸಿದ್ದರು. ಮಧ್ಯಾಹ್ನ ಸ್ಮಶಾನಕ್ಕೆ ಒಯ್ಯುವ ಗಾಡಿ ಬರಬೇಕಿತ್ತು. ಒಳಕೋಣೆಯಲ್ಲಿ ಅವಳ ಫೋನು ಮಾತ್ರ ಬಾಯಿ ಮುಚ್ಚಿರಲಿಲ್ಲ.

"ಭಾವ, ಮತ್ತೆ ಅಕ್ಕನ ಆಫೀಸಿನವರೇ," ಎಂದಳು ನಾದಿನಿ. "ಹೋದವಳ ಹತ್ರಾನೂ ಕೆಲಸ ಕೇಳ್ತಾರಲ್ಲ, ಇವರಿಗೇನು ಹೇಳೋದು!"

"ಫೋನು ಸಾಲದು ಅಂತ ಮ್ಯಾನೇಜರೇ ಬಂದಿದ್ದಾರೆ, ನೋಡು," ಎಂದ ದರ್ಜಿ.

ಮ್ಯಾನೇಜರು ಹಜಾರದಲ್ಲಿ ತಲೆ ಬಗ್ಗಿಸಿ ನಿಂತರು, ಕಣ್ಣೊರೆಸಿಕೊಂಡರು, ಆಮೇಲೆ ಮೆಲ್ಲಗೆ ಇಸ್ತ್ರಿ ಮೇಜಿನತ್ತ ಸರಿದರು.

"ಕೇಳೋಕೆ ನಾಚಿಕೆಯಾಗ್ತಿದೆ. ಅವರು ಕೆಲಸದ ಮಧ್ಯದಲ್ಲೇ ಹೋಗಿಬಿಟ್ಟರು. ಇಲ್ಲಿ ಮನೇಲಿರೋ ಅವರ ಕಂಪ್ಯೂಟರಲ್ಲಿ ಒಂದು ಸಾಲು ಅರ್ಧ ತಿದ್ದಿ ತೆರೆದೇ ಇದೆ. ಅದು ಮುಚ್ಚೋವರೆಗೂ ಆ ಪಟ್ಟಿ ನಮ್ಮ ಯಾರ ಕೈಗೂ ಸಿಗಲ್ಲ. ಇಡೀ ಆಫೀಸು ಕೈಕಟ್ಟಿ ಕೂತಿದೆ."

"ಆಫೀಸಿಂದಲೇ ಬಿಡಿಸಿಕೊಳ್ಳಿ."

"ಅದರ ಪಾಸ್‌ವರ್ಡ್ ಅವರೊಬ್ಬರಿಗೇ ಗೊತ್ತಿತ್ತು."

"ಇನ್ನೊಬ್ಬರಿಗೆ ಹೇಳಿಕೊಡ್ತೀನಿ, ಯಾರನ್ನಾದ್ರೂ ಕೊಡಿ ಅಂತ ಅವಳು ಬಡ್ಕೊಂಡಿದ್ದಳಲ್ಲ?"

"ಹೌದು," ಎಂದರು ಮ್ಯಾನೇಜರು. "ಮಾಡೋಣ ಅಂತಲೇ ಇದ್ವಿ."

ಇಬ್ಬರೂ ಒಳಗೆ ಹೋದರು. ಕಂಪ್ಯೂಟರಿನ ಪರದೆಯ ಎಡಕ್ಕೆ ಮರದ ಕೊಂಬೆಗಳಂತೆ ಹೆಸರುಗಳು, ಬಲಕ್ಕೆ ಚೌಕುಳಿ ಬಟ್ಟೆಯಂಥ ಮನೆಗಳು. ಒಂದು ಸಾಲಿನ ಅಂಚಿನಲ್ಲಿ, ತಿದ್ದುವುದು ಇನ್ನೂ ಮುಗಿದಿಲ್ಲ ಎಂಬ ಗುರುತಾಗಿ, ಪುಟ್ಟ ಪೆನ್ಸಿಲ್ ಚಿತ್ರ ಕೂತಿತ್ತು.

"ಕ್ಯಾನ್ಸಲ್ ಒತ್ತಿದ್ರೆ ಮುಗೀತು," ಎಂದರು ಮ್ಯಾನೇಜರು.

ದರ್ಜಿ ಆ ಸಾಲನ್ನು ಬೆರಳಿಟ್ಟು ಓದಿದ. "ಇದು ಐದನೇ ಮಹಡಿಯವರ ಪತ್ರ ಅಲ್ವಾ?"

ಮ್ಯಾನೇಜರು ಕಿಟಕಿಯ ಕಡೆ ನೋಡಿದರು.

*

ಅವಳು ಕೆಲಸಕ್ಕಿದ್ದದ್ದು ಲಿಫ್ಟ್ ನೋಡಿಕೊಳ್ಳುವ ಕಂಪನಿಯಲ್ಲಿ; ಅಲ್ಲಿನ ಸಾಫ್ಟ್‌ವೇರ್ ಪರೀಕ್ಷಿಸಲು ಬಳಸುವ ಡೇಟಾಬೇಸ್ ಅವಳ ಪಾಲಿನದು. "ಡೆವಲಪ್‌ಮೆಂಟ್ ಡೇಟಾಬೇಸ್ ಅಂದ್ರೆ ಏನೇ ಅದು?" ಎಂದು ಅವನು ಊಟಕ್ಕೆ ಕೂತಾಗೊಮ್ಮೆ ಕೇಳಿದ್ದ.

"ನಿಮ್ಮ ಕಚ್ಚಾ ಹೊಲಿಗೆ ಇದ್ದ ಹಾಗೆ ರೀ. ಎಳೆದು ನೋಡೋದು, ಬಿಚ್ಚೋದು, ಮತ್ತೆ ಹೊಲಿಯೋದು. ಅಲ್ಲಿರೋ ಜನ, ಅವರ ದೂರು, ಎಲ್ಲಾ ನಾವೇ ಹುಟ್ಟಿಸಿದ ಸುಳ್ಳು."

ಆ ಸುಳ್ಳು ಜನರ ನಡುವೆ ಒಂದು ನಿಜದ ಪತ್ರ ಬಂದು ಬಿದ್ದಿತ್ತು. ಗ್ರಾಹಕರು ದೂರು ಬರೆಯುವ ಪುಟವನ್ನು ಯಾರೋ ತಪ್ಪಾಗಿ ಅವಳ ಡೇಟಾಬೇಸಿಗೆ ಜೋಡಿಸಿ, ಯಾರಿಗೂ ಹೇಳದೆ ಬಿಚ್ಚಿಕೊಂಡಿದ್ದರು. ಅವಳು ಅದನ್ನು ಬಾಯಿಪಾಠದಂತೆ ಹೇಳುತ್ತಿದ್ದಳು: ನಮ್ಮ ಲಿಫ್ಟ್ ಕೆಟ್ಟಿದೆ. ನನ್ನ ಯಜಮಾನರು ಗಾಲಿಕುರ್ಚಿಯಲ್ಲಿದ್ದಾರೆ, ಐದನೇ ಮಹಡಿಯಿಂದ ಇಳಿದೇ ಇಲ್ಲ. ಕೆಳಗಿನ ಬೇಕರಿಯ ವಾಸನೆ ಮೇಲಕ್ಕೆ ಬರುತ್ತಲ್ಲ, ಅಷ್ಟು ಸಾಕು ಬಿಡು ಅನ್ನುತ್ತಾರೆ.

"ಇಂಥ ಸುಳ್ಳು ಹುಟ್ಟಿಸೋಷ್ಟು ಬುದ್ಧಿ ನಮ್ಮಲ್ಲಿ ಯಾರಿಗಿದೆ ರೀ?"

ರಿಪೇರಿ ವಿಭಾಗಕ್ಕೆ ಬರೆದಳು. ಮ್ಯಾನೇಜರ ಮೂಲಕ ಬರಲಿ ಎಂದರು ಅವರು. ಟೆಸ್ಟಿನದು ಹೊರಗೆ ಹೋಗುವಂತಿಲ್ಲ, ನಾಳೆ ನೋಡೋಣ ಎಂದರು ಮ್ಯಾನೇಜರು. ಆಫೀಸಿನ ಹುಡುಗರು ಆಗಾಗ ಪಟ್ಟಿಯನ್ನು ಪೂರ್ತಿ ಅಳಿಸಿ ಹೊಸ ಸುಳ್ಳು ತುಂಬುತ್ತಿದ್ದರು. ಪ್ರತಿ ಸಲವೂ ಅವಳು ಆ ಒಂದು ಸಾಲನ್ನು ಕೈಯಾರೆ ಮತ್ತೆ ಕೂರಿಸುತ್ತಿದ್ದಳು. ಬೈದುಕೊಳ್ಳುತ್ತಲೇ ಕೂರಿಸುತ್ತಿದ್ದಳು. ಕೊನೆಗೆ ಪ್ರಾಣ ಹೋದಾಗಲೂ ಕೈಯಲ್ಲಿದ್ದದ್ದು ಅದೇ ಕೆಲಸ.

*

ದರ್ಜಿ ಹೆಂಡತಿಯ ಕುರ್ಚಿ ಎಳೆದು ಕೂತ. ಮೌಸಿನ ಮೇಲೆ ಕೈಯಿಟ್ಟ.

"ಮೊದಲು ಈ ಪತ್ರ ರಿಪೇರಿಯವರಿಗೆ ಹೋಗಲಿ. ನಿಮ್ಮ ಹೆಸರಲ್ಲಿ."

"ಇವತ್ತೇ ಅಂದ್ರೆ ಹೇಗೆ? ಅದಕ್ಕೊಂದು ಕ್ರಮ ಅಂತ..."

"ಹಾಗಾದ್ರೆ ಕೈಕಟ್ಟಿ ಕೂತಿರಿ. ಅವಳೂ ನಿಮ್ಮ ನಾಳೆಗೆ ಕಾದು ಕೂತಿದ್ದಳು."

ಹೊರಗೆ ಗಾಡಿ ಬಂದು ನಿಂತ ಸದ್ದಾಯಿತು. ನಾದಿನಿ ಬಾಗಿಲಿಗೆ ಬಂದಳು. "ಭಾವ, ಗಾಡಿ ಬಂತು. ಎಲ್ಲಾ ಕಾಯ್ತಿದ್ದಾರೆ."

"ಕಾಯಲಿ. ನಿಮ್ಮಕ್ಕನ ಕೆಲಸ ಒಂದು ಬಾಕಿ ಇದೆ."

ಅವಳು ಪರದೆ ನೋಡಿದಳು, ಮ್ಯಾನೇಜರ ಮುಖ ನೋಡಿದಳು. "ಆ ಲಿಫ್ಟಿಂದಾ?" ಎಂದವಳೇ ಬಾಗಿಲಿಗೆ ಅಡ್ಡವಾಗಿ ನಿಂತುಬಿಟ್ಟಳು. "ಕಳಿಸಿ ಸಾರ್. ನಮ್ಮನೇಲಿ ಎಲ್ಲರಿಗೂ ಆ ಪತ್ರ ಬಾಯಿಗೆ ಬರುತ್ತೆ, ನಿಮಗೊಬ್ಬರಿಗೇ ಬರಲ್ಲ."

ಮ್ಯಾನೇಜರ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಅದನ್ನು ತೆಗೆದು, ಕರೆ ಕತ್ತರಿಸಿ, ಪರದೆಗೆ ಬಗ್ಗಿ ಒಂದೊಂದೇ ಪದ ನೋಡಿಕೊಂಡು ಆ ಫೋನಿನಲ್ಲೇ ಬರೆಯತೊಡಗಿದರು. ಬೇಕರಿಯ ವಾಸನೆಯ ಹತ್ತಿರ ಬಂದಾಗ ಬೆರಳು ನಿಂತಿತು.

"ಇದೂ ಬೇಕಾ?"

"ಅದು ಬೇಕೇ ಬೇಕು," ಎಂದ ದರ್ಜಿ.

ಅದನ್ನೂ ಬರೆದರು. ಕೆಳಗೆ ತಮ್ಮ ಹೆಸರು ಹಾಕಿದರು. ಸುಂಯ್ ಎಂದು ಪತ್ರ ಹೋಯಿತು. ಹೋದದ್ದನ್ನು ದರ್ಜಿಯ ಕಣ್ಣೆದುರು ಹಿಡಿದು ತೋರಿಸಿದರು.

"ಈಗ ಕ್ಯಾನ್ಸಲ್..."

"ಸೇವ್ ಒತ್ತಿದ್ರೆ ಅವಳು ತಿದ್ದಿದ್ದೂ ಉಳಿಯುತ್ತೆ, ಪಟ್ಟಿಯೂ ಬಿಟ್ಟುಕೊಳ್ಳುತ್ತಲ್ವಾ?"

"ಬಿಟ್ಟುಕೊಳ್ಳುತ್ತೆ."

ದರ್ಜಿ ಸೇವ್ ಒತ್ತಿದ. ಅಂಚಿನ ಪೆನ್ಸಿಲ್ ಮಾಯವಾಯಿತು. ಅದು ಇದ್ದ ಜಾಗವನ್ನು ಅವನು ಹೆಬ್ಬೆರಳಿನಿಂದ ಮೆಲ್ಲಗೆ ಒರೆಸಿದ, ಹೊಲಿದು ಮುಗಿದ ಬಟ್ಟೆಯಿಂದ ಸೀಮೆಸುಣ್ಣದ ಗೆರೆ ತೆಗೆಯುವ ಹಾಗೆ.