ತಂಪು ಕೋಣೆಯ ಬಾಗಿಲಲ್ಲಿ

ಮೇಲಿನವರ ಹತ್ತಿರ ವರ್ಷಗಟ್ಟಲೆ ಬಾಯಿ ಬಡಿದುಕೊಂಡ ಮೇಲೆ ನರ್ಸಿಗೆ ಆ ಕೋಣೆ ಸಿಕ್ಕಿತ್ತು. ಶಾಲೆಯ ನೆಲಮಾಳಿಗೆ, ಕೂಲರ್‌ಗಳು, ನೀರಿನ ಡ್ರಮ್ಮು, ಒಂದಷ್ಟು ಚಾಪೆ. ಬಿಸಿಗಾಳಿ ಎದ್ದಾಗ ಬಡಾವಣೆಯವರು ಬಂದು ಮೈ ತಣಿಸಿಕೊಳ್ಳಲಿ ಎಂದು. ಕಾಲಿಗೆ ಚಕ್ರ ಕಟ್ಟಿಕೊಂಡು ಮನೆಮನೆಗೂ ಹೋಗಿ ಹೇಳಿದಳು. ಮೊದಲು ಹೇಳಿದ್ದು ಅಕ್ಕನಿಗೇ. ಅಕ್ಕ ತಗಡಿನ ಮಾಡಿನ ಕೆಳಗೆ ಬಟ್ಟೆ ಇಸ್ತ್ರಿ ಮಾಡುವವಳು; ಅಮ್ಮ ಹೋದ ಮೇಲೆ ತಂಗಿಯನ್ನು ಓದಿಸಿದ್ದೂ ಅದೇ ದುಡಿಮೆಯಿಂದ.

ಬಿಸಿಗಾಳಿ ಎದ್ದ ದಿನ ಮಧ್ಯಾಹ್ನಕ್ಕೆ ಮೊದಲೇ ಕೋಣೆ ಕಿಕ್ಕಿರಿಯಿತು. ಜನರ ಉಸಿರಿಗೇ ಒಳಗಿನ ತಂಪು ಇಳಿಯತೊಡಗಿತು. ಮಕ್ಕಳು, ಬಸುರಿಯರು, ವಯಸ್ಸಾದವರು ಮೊದಲು, ಗಟ್ಟಿಮುಟ್ಟಾಗಿರುವವರು ಸಂಜೆ ಬನ್ನಿ ಎಂದು ನರ್ಸು ಬಾಗಿಲಲ್ಲಿ ನಿಂತು ಕೂಗಿ ಹೇಳಿದಳು. ಸಾಲಿನಲ್ಲಿ ಅಕ್ಕನೂ ಇದ್ದಳು. ಮುಖ ಕೆಂಪೇರಿತ್ತು, ಹಣೆಯ ಮೇಲೆ ಒಂದು ಹನಿ ಬೆವರಿರಲಿಲ್ಲ. ಬೆವರು ನಿಂತರೆ ಜೀವಕ್ಕೇ ಅಪಾಯವೆಂದು ಗೊತ್ತಿದ್ದ ನರ್ಸು ನೋಡಿದಳು, ಆದರೆ ಅದು ಮನಸ್ಸಿಗೆ ಇಳಿಯಲಿಲ್ಲ. ಅಷ್ಟರಲ್ಲಿ ಯಾರೋ ವಾಂತಿ ಮಾಡುತ್ತಿದ್ದ ಕೂಸನ್ನು ಅವಳ ತೋಳಿಗಿತ್ತಿದ್ದರು.

“ಕೆಂಡದ ಜೊತೆ ಸಂಸಾರ ಮಾಡ್ದೋಳು ನಾನು, ನಂಗೇನಾಗತ್ತೆ? ಸಂಜೆ ಬರ್ತೀನಿ ಪುಟ್ಟಿ,” ಎಂದು ನಕ್ಕು, ಅಕ್ಕ ಹಿಂದಿದ್ದ ಬಸುರಿಯನ್ನು ಮುಂದೆ ಬಿಟ್ಟು ಹೊರಟುಹೋದಳು.

ಸಂಜೆ ಓಡಿಬಂದವನು ಭಾವ. ಅಕ್ಕ ಅಂಗಡಿಯಲ್ಲಿ ಇಸ್ತ್ರಿ ಮೇಜಿನ ಪಕ್ಕ ಬಿದ್ದಿದ್ದಾಳೆ, ಕರೆದರೆ ಓಗೊಡುತ್ತಿಲ್ಲ ಎಂದ. ನರ್ಸು ಹೋಗಿ ಮೈತುಂಬ ನೀರು ಸುರಿದಳು, ಕಂಕುಳಿಗೆ ಮಂಜುಗಡ್ಡೆ ಒತ್ತಿದಳು, ಎದೆ ಒತ್ತಿ ಒತ್ತಿ ಸೋತಳು. ಮೈ ಇನ್ನೂ ಸುಡುತ್ತಿತ್ತು. ಉಸಿರು ಯಾವಾಗಲೋ ನಿಂತಿತ್ತು.

ಆ ರಾತ್ರಿಯೇ ಅಂತ್ಯಕ್ರಿಯೆ ಮುಗಿಸಿ ಬಂದ ಮೇಲೆ ಭಾವ ಮೆಲ್ಲಗೆ ಕೇಳಿದ: “ಒಳಗೆ ಜಾಗ ಇರ್ಲಿಲ್ವೇನಮ್ಮ?”

ಅದರಲ್ಲಿ ಬೈಗುಳವಿರಲಿಲ್ಲ. ಜಾಗ ಇರಲಿಲ್ಲ ಎಂದರೆ ನಂಬುತ್ತಿದ್ದ.

“ಇತ್ತು ಭಾವ. ಒಬ್ರು ಕೂತ್ಕೊಳ್ಳೋಷ್ಟು ಇತ್ತು. ನಾನೇ ಅವಳ ಕೈ ಹಿಡಿದು ನೋಡ್ಲಿಲ್ಲ.”

ಅವನು ಎದ್ದು ಹಿತ್ತಲಿಗೆ ಹೋದ.

ಮಾರನೆಯ ದಿನವೂ ಬಿಸಿಗಾಳಿ ಇಳಿಯಲಿಲ್ಲ. ರಜೆ ಹಾಕು ಎಂದವರ ಮಾತು ಕೇಳದೆ ಅವಳು ಬೀಗ ತೆಗೆದಳು. ಮೇಲಿನ ಮೊಗಸಾಲೆಗೂ ಒದ್ದೆ ಪರದೆ ಕಟ್ಟಿಸಿದಳು. ಬಂದವರೆಲ್ಲರ ತೋಳು ಮುಟ್ಟಿ ನೋಡಿ ಒಳಗೆ ಬಿಟ್ಟಳು; ಯಾರಿಗೂ ಸಂಜೆ ಬನ್ನಿ ಎನ್ನಲಿಲ್ಲ. ಮಧ್ಯಾಹ್ನ ಭಾವನೂ ಬಂದ. ಅವನ ಕೈ ಹಿಡಿದಾಗ ಬಿಡಲಾಗಲಿಲ್ಲ. ಹಿಂದಿನ ಸಾಲು ಕಾಯುತ್ತಲೇ ನಿಂತಿತು.