ಇಳಿಸುವುದೊಂದು ಬಾಕಿ

ಹಾಸಿಗೆಯ ಹೊದಿಕೆಯ ಒಂದು ತುದಿ ತಾಯಿಯ ಕೈಯಲ್ಲಿತ್ತು, ಇನ್ನೊಂದು ಮಗಳ ಕೈಯಲ್ಲಿ. ಹಿತ್ತಲಲ್ಲಿ ಎದುರುಬದುರು ನಿಂತು ಹಿಂಡುತ್ತಿದ್ದರು. ಮಗಳಿಗೆ ರಾತ್ರಿಯೆಲ್ಲ ಕೆಮ್ಮು, ಬೆಳಗಿನ ಜಾವ ಹಾಸಿಗೆಯ ಮೇಲೆಯೇ ವಾಂತಿ. ಇಬ್ಬರ ಕಣ್ಣಲ್ಲೂ ನಿದ್ದೆ ಹಾಗೇ ಉಳಿದುಕೊಂಡಿತ್ತು.

"ಅಮ್ಮಾ, ಫೋನು ಹೊಡ್ಕೋತಿದೆ."

"ಹೊಡ್ಕೊಳ್ಳಲಿ. ನೀನು ಆ ಕಡೆ ತಿರುಗಿಸೇ. ಇಬ್ಬರೂ ಒಂದೇ ಕಡೆ ತಿರುಗಿಸ್ತಾ ಕೂತ್ರೆ ಸಂಜೆವರೆಗೂ ಹೀಗೇ ನೀರು ಸುರಿಸ್ಕೊಂಡು ನಿಂತಿರಬೇಕು."

ಅಜ್ಜಿ ಫೋನು ತಂದು ತಾಯಿಯ ಕಿವಿಗೆ ಒತ್ತಿ ಹಿಡಿದರು. ಆ ಕಡೆ ಅವಳಿಗೆ ವಿಮಾನ ನಡೆಸಲು ಕಲಿಸುವ ಮೇಷ್ಟ್ರು. ಮಧ್ಯಾಹ್ನ ಗಾಳಿ ಜೋರಾಗುತ್ತದಂತೆ. ಪರೀಕ್ಷೆ ಮಾಡುವವರು ಸಂಜೆಯವರೆಗೆ ಕಾಯುವುದಿಲ್ಲ, ಈಗಲೇ ಬಂದು ಕೂತಿದ್ದಾರೆ.

"ಈಗಲೇನಾ ಸಾರ್? ಇಲ್ಲಿ ಮಗೂಗೆ ಹುಷಾರಿಲ್ಲ."

"ಏನಾದ್ರೂ ಮಾಡಿ ಬಂದ್ಬಿಡಮ್ಮ. ಅವರು ನಾಳೆ ಮಧ್ಯಾಹ್ನ ಹೊರಟುಹೋಗ್ತಾರೆ. ಅವರು ಮತ್ತೆ ಈ ಕಡೆ ಬರೋ ಹೊತ್ತಿಗೆ ನಿನ್ನ ಸೀಟಲ್ಲಿ ಬೇರೆ ಯಾರೋ ಕೂತಿರ್ತಾರೆ."

"ನೀನು ಹೋಗೇ. ಇವಳನ್ನ ನಾನ್ ನೋಡ್ಕೋತೀನಿ" ಎಂದರು ಅಜ್ಜಿ.

ಆ ಮಾತು ಕೇಳಿದ್ದೇ ಮಗಳು ಹೊದಿಕೆಯ ತುದಿಯನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡಳು. ಹೋದ ವಾರವೂ ಅಜ್ಜಿ ಇದೇ ಮಾತನ್ನು ಆಡಿದ್ದರು. ಅದು ಒಂದು ಬೆಳಗ್ಗೆಯ ಮಾತಾಗಿರಲಿಲ್ಲ, ಇಡೀ ವರ್ಷದ್ದು. ಈ ಪರೀಕ್ಷೆ ಪಾಸಾದರೆ ತಾಯಿಗೆ ಬೇರೆ ಊರಿನ ದೊಡ್ಡ ತರಬೇತಿ ಶಾಲೆಯಲ್ಲಿ ಸೀಟು. ಅಲ್ಲೇ ಉಳಿದು ಕಲಿಯಬೇಕು, ಮಕ್ಕಳನ್ನು ಕರೆದುಕೊಂಡು ಹೋಗುವ ಹಾಗಿಲ್ಲ. ಕಲಿತು ಬಂದರೆ ವಿಮಾನ ನಡೆಸುವುದೇ ಕೆಲಸ, ಸಂಬಳದ ಕೆಲಸ. ಅಪ್ಪ ಲಾರಿ ಹತ್ತಿದರೆ ತಿಂಗಳಲ್ಲಿ ನಾಲ್ಕು ದಿನ ಮನೆಯಲ್ಲಿದ್ದರೆ ಹೆಚ್ಚು. ಇದೆಲ್ಲವನ್ನೂ ತಾಯಿ ಮಗಳನ್ನು ಕೂರಿಸಿಕೊಂಡು ಬಿಡಿಸಿ ಹೇಳಿದ್ದಳು. ಮಗಳು ಹೂಂಗುಟ್ಟಿ, ಊಟಕ್ಕೆ ಏನಿದೆ ಎಂದು ಕೇಳಿದ್ದಳು. ಆಮೇಲೆ ಆ ವಿಷಯ ಎತ್ತಿರಲಿಲ್ಲ. ಏನಾದರೂ ಕೇಳುತ್ತಾಳೆಂದು ತಾಯಿ ಎಷ್ಟೋ ಸಲ ಪಾತ್ರೆ ತೊಳೆಯುತ್ತ ತೊಳೆಯುತ್ತ ಕೈ ನಿಲ್ಲಿಸಿ ಕಾದಿದ್ದಳು.

ತಾಯಿ ಒಳಗೆ ಹೋಗಿ ಸೀರೆ ಬಿಚ್ಚಿ ಪ್ಯಾಂಟು ಹಾಕಿಕೊಂಡು ಬರುವಷ್ಟರಲ್ಲಿ ಮಗಳು ಚಪ್ಪಲಿ ಮೆಟ್ಟಿ ಸ್ಕೂಟರಿನ ಹಿಂದಿನ ಸೀಟಿನಲ್ಲಿ ಕೂತಾಗಿತ್ತು.

"ಇಳಿಯೇ. ಕೆಮ್ಮು ಜಾಸ್ತಿಯಾಗುತ್ತೆ."

ಮಗಳು ಇಳಿಯಲಿಲ್ಲ. ವಾದ ಮಾಡುವ ಶಕ್ತಿ ತಾಯಿಗೂ ಇರಲಿಲ್ಲ.

ಆ ಸಣ್ಣ ವಿಮಾನ ನಿಲ್ದಾಣದಲ್ಲಿ ಎಲ್ಲರಿಗೂ ಅವಳು ಟ್ಯಾಂಕರಕ್ಕ. ವಿಮಾನಗಳಿಗೆ ಎಣ್ಣೆ ತುಂಬುವ ಗಾಡಿ ಅವಳದು. ವರ್ಷಗಟ್ಟಲೆ ಬೇರೆಯವರ ರೆಕ್ಕೆಗಳಿಗೆ ಎಣ್ಣೆ ಹೊಯ್ದು, ಬಿಡುವಿದ್ದಾಗಲೆಲ್ಲ ಮೇಷ್ಟ್ರ ಪಕ್ಕ ಕೂತು ಹಾರಿ, ಇಲ್ಲಿಯವರೆಗೆ ಬಂದಿದ್ದಳು. ಶೆಡ್ಡಿನ ಬಾಗಿಲಲ್ಲಿ ಮೆಕ್ಯಾನಿಕ್ಕು ಗ್ರೀಸಿನ ಕೈ ಒರೆಸಿಕೊಳ್ಳುತ್ತ ಹಲ್ಲು ಕಿರಿದ.

"ಏನ್ ಟ್ಯಾಂಕರಕ್ಕ, ಇವತ್ತು ನಿಜವಾಗ್ಲೂ ವಿಮಾನ ಬಿಡ್ತೀಯೋ, ಇಲ್ಲ ದಿನಾ ನಮ್ಮ ಹತ್ರ ಬಿಟ್ಟಂಗೆ ರೈಲು ಬಿಡ್ತೀಯೋ?"

"ನೀನು ಬಿಗಿ ಮಾಡಿರೋ ನಟ್ಟು ನಂಬ್ಕೊಂಡು ಹತ್ತೋದಿದೆಯಲ್ಲ, ಅದೇ ದೊಡ್ಡ ಪರೀಕ್ಷೆ ಕಣಪ್ಪ."

ಮಗಳನ್ನು ಬೆಂಚಿನ ಮೇಲೆ ಕೂರಿಸಿ, ಬಿಸಿನೀರಿನ ಫ್ಲಾಸ್ಕನ್ನು ಪಕ್ಕಕ್ಕಿಟ್ಟು, ಹಣೆ ಮುಟ್ಟಿ ನೋಡಿ ಹೋದಳು.

ಪರೀಕ್ಷಕರು ಮಿತಮಾತಿನ ಮನುಷ್ಯ. ಅವರಿಗೂ ಯಾಕೋ ನಿದ್ದೆಯಾದಂತಿರಲಿಲ್ಲ, ಆಗಾಗ ಕನ್ನಡಕ ತೆಗೆದು ಕಣ್ಣು ತಿಕ್ಕಿಕೊಳ್ಳುತ್ತಿದ್ದರು. ಎರಡೇ ಸೀಟಿನ ವಿಮಾನ. ಭುಜಕ್ಕೆ ಭುಜ ತಾಗುತ್ತಿತ್ತು. ಇಬ್ಬರ ಮುಂದೆಯೂ ವಿಮಾನ ನಡೆಸುವ ಒಂದೊಂದು ಹಿಡಿ. ಯಾರ ಕೈಯಲ್ಲಿ ವಿಮಾನವಿದೆ ಎಂಬುದರಲ್ಲಿ ಗೊಂದಲವಾಗಬಾರದೆಂದು ಮೇಷ್ಟ್ರು ಮೊದಲ ದಿನವೇ ಒಂದು ಪಾಠ ಮಾಡಿದ್ದರು. ತೆಗೆದುಕೊಳ್ಳುವವರು 'ನನ್ನ ಕೈಲಿ' ಅನ್ನಬೇಕು, ಕೊಡುವವರು 'ನಿಮ್ಮ ಕೈಲಿ' ಅನ್ನಬೇಕು. ಆ ಮಾತು ಕಿವಿಗೆ ಬೀಳುವ ತನಕ ಕೈ ಸಡಿಲಿಸಕೂಡದು. ಪರೀಕ್ಷಕರೂ ಹತ್ತುವ ಮುಂಚೆ ಅದನ್ನೇ ಇನ್ನೊಮ್ಮೆ ಹೇಳಿದರು.

ಮೇಲೆ ಎಲ್ಲವೂ ಸರಿಯಾಯಿತು. ವಾಲಿಸಿ ತಿರುಗಿಸಿದಳು. ಅವರು ಇದ್ದಕ್ಕಿದ್ದಂತೆ ಎಂಜಿನ್ನಿನ ಸದ್ದಡಗಿಸಿ "ಎಂಜಿನ್ ಕೆಟ್ಟಿತು, ಈಗೇನು ಮಾಡ್ತೀರಿ?" ಎಂದಾಗ, ಕೆಳಗೆ ಕೊಯ್ಲು ಮುಗಿದ ಬಯಲೊಂದನ್ನು ಬೆರಳು ಮಾಡಿ ತೋರಿಸಿ ಅತ್ತ ಇಳಿಯತೊಡಗಿದಳು. "ಸಾಕು, ಮೇಲಕ್ಕೆತ್ತಿ" ಎಂದರು. ಅವರ ದನಿಯಲ್ಲಿ ಮೆಚ್ಚುಗೆಯಿತ್ತೋ ಏನೋ.

ಕೊನೆಯದು ಇಳಿಸುವುದು. ಓಡುದಾರಿ ಎದುರಿಗೇ ಕಂಡಿತು. ಎಡಗಡೆಯಿಂದ ಗಾಳಿ ಆಗಲೇ ಎದ್ದಿತ್ತು. ಅದಕ್ಕೆ ತಕ್ಕಂತೆ ಎಡ ರೆಕ್ಕೆಯನ್ನು ತಗ್ಗಿಸಿ ಹಿಡಿದಿದ್ದಳು. ಆದರೂ ವಿಮಾನ ಇರಬೇಕಾದುದಕ್ಕಿಂತ ಸ್ವಲ್ಪ ಎತ್ತರದಲ್ಲಿತ್ತು.

"ಮೇಲಾಯ್ತು. ಸಾರಿ ಸಾರ್."

"ಬಿಡಿ" ಎಂದರು ಅವರು.

ಅವಳು ಬಿಟ್ಟಳು.

ಎರಡೂ ಕೈಗಳು ತೊಡೆಯ ಮೇಲೆ ಬಂದು ಕೂತವು. ಅದು ಅವಳು ಯೋಚಿಸಿ ಮಾಡಿದ್ದಲ್ಲ. ರಾತ್ರಿಯಿಂದ, ಅದಕ್ಕೂ ಹಿಂದಿನ ಎಷ್ಟೋ ರಾತ್ರಿಗಳಿಂದ, ಯಾರಾದರೂ ಆ ಒಂದು ಮಾತು ಹೇಳಲಿ ಎಂದು ಮೈ ಕಾದುಕೊಂಡಿತ್ತೇನೋ. ಕ್ಷಣಮಾತ್ರ ಎಷ್ಟು ಹಾಯೆನಿಸಿತು! ಅಷ್ಟರಲ್ಲಿ ಗಾಳಿ ಎಡ ರೆಕ್ಕೆಯಡಿ ನುಗ್ಗಿ ಎತ್ತಿತು, ಓಡುದಾರಿ ಕಿಟಕಿಯಲ್ಲಿ ಪಕ್ಕಕ್ಕೆ ಸರಿಯಿತು.

"ನನ್ನ ಕೈಲಿ! ನನ್ನ ಕೈಲಿ!" ಪರೀಕ್ಷಕರು ಹಿಡಿ ಎಳೆದುಕೊಂಡು, ಎಂಜಿನ್ನಿಗೆ ಪೂರ್ತಿ ಜೋರು ಕೊಟ್ಟರು. ವಿಮಾನ ನೆಲ ಮುಟ್ಟದೆ ಮತ್ತೆ ಮೇಲೇರಿತು.

"ನಿಮ್ಮ ಕೈಲಿ" ಎಂದಳು ಅವಳು, ತಡವಾಗಿ.

ಒಂದು ಸುತ್ತು ಹಾಕಿ ಅವರೇ ಇಳಿಸಿದರು. ಶೆಡ್ಡಿನ ಮುಂದೆ ಎಂಜಿನ್ನು ನಿಂತಿತು. ಮೇಷ್ಟ್ರು ಓಡಿ ಬಂದರು. ಬೆಂಚಿನಿಂದ ಮಗಳೂ ಎದ್ದು ಬಂದು ಅವರ ಹಿಂದೆ ನಿಂತಳು.

"ಏನಾಯ್ತಮ್ಮ? ಅಷ್ಟು ಚೆನ್ನಾಗಿ ಬರ್ತಿದ್ದೆ?"

"ಬಿಡಿ ಅಂದ್ರು ಸಾರ್. ಬಿಟ್ಟೆ."

"ಚಿಂತೆ ಇಲ್ಲ, ಹೋಗಲಿ ಬಿಡಿ ಅಂದೆ ನಾನು" ಎಂದರು ಪರೀಕ್ಷಕರು. ಮತ್ತೆ ಕಣ್ಣು ತಿಕ್ಕಿಕೊಂಡರು. "ಆ ಮಾತು ಅಲ್ಲಿ ಆಡಬಾರದಿತ್ತು, ತಪ್ಪು ನನ್ನದೂ ಇದೆ. ಆದ್ರೆ ನಾನು ಹಿಡಿಗೆ ಕೈ ಹಾಕಿದ ಮೇಲೆ ಪಾಸು ಅನ್ನೋಕಾಗಲ್ಲಮ್ಮ. ನಾಳೆ ಬೆಳಿಗ್ಗೆ ಗಾಳಿ ಏಳೋಕೆ ಮುಂಚೆ ಬನ್ನಿ. ಬೇರೆ ಎಲ್ಲ ಆಯ್ತು. ಇಳಿಸುವುದೊಂದು ಬಾಕಿ." ಹೋಗುವ ಮುನ್ನ ತಿರುಗಿ, "ರಾತ್ರಿ ಒಂಚೂರು ನಿದ್ದೆ ಮಾಡಿ" ಎಂದರು.

"ಮಾಡ್ತೀನಿ ಸಾರ್" ಎಂದಳು. ಹೇಗೆ ಎಂದು ಅವಳಿಗೇ ಗೊತ್ತಿರಲಿಲ್ಲ.

ಮುಂದಿನ ವಿದ್ಯಾರ್ಥಿ ಅದೇ ವಿಮಾನಕ್ಕಾಗಿ ಕಾಯುತ್ತಿದ್ದ. ಎಣ್ಣೆ ತುಂಬಬೇಕು. ಮೆಕ್ಯಾನಿಕ್ಕು ಏನೋ ತಮಾಷೆ ಮಾಡಲು ಬಾಯಿ ತೆರೆದವನು ಅವಳ ಮುಖ ನೋಡಿ, "ನಾನ್ ತುಂಬ್ಲಾ ಅಕ್ಕ?" ಎಂದ. ಬೇಡವೆಂದು ತಲೆಯಾಡಿಸಿ ಟ್ಯಾಂಕರು ಹತ್ತಿದಳು. ಮಗಳು ಪಕ್ಕದ ಸೀಟಿಗೆ ಹತ್ತಿಕೊಂಡಳು. ವಿಮಾನದ ಬಳಿಗೆ ತಂದು ನಿಲ್ಲಿಸಿದ ಮೇಲೆ ತಾಯಿ ಸ್ಟೀರಿಂಗಿನ ಮೇಲೆ ಹಣೆಯಿಟ್ಟಳು. ಮಗಳು ಕೆಮ್ಮಿದಳು. ತಾಯಿ ಹಣೆ ಎತ್ತದೆಯೇ ಒಂದು ಕೈ ಚಾಚಿ ಅವಳ ಬೆನ್ನು ಸವರಿದಳು.

"ನಾಳೇನೂ ಬಿಡಿ ಅಂತಾರಾ ಅವ್ರು?"

"ಅಂದ್ರೂ ಬಿಡಲ್ಲ."

"ಪಕ್ಕಾ?"

"ಪಕ್ಕಾ ಕಣೇ. ಇಲ್ಲೇ ಕೂತಿರು. ಎಣ್ಣೆ ತುಂಬುವಾಗ ಹತ್ರ ಬರಬಾರದು."

ಏಣಿ ಹಾಕಿ ರೆಕ್ಕೆಯ ಮಟ್ಟಕ್ಕೆ ಹತ್ತಿದಳು. ಮುಚ್ಚಳ ತಿರುಗಿಸಿ ತೆಗೆದು, ಕೊಳವೆಯ ಮೂತಿಯನ್ನು ತೂತಿಗಿಟ್ಟು ಹಿಡಿ ಒತ್ತಿದಳು. ಎಣ್ಣೆ ಗುಳುಗುಳು ಇಳಿಯತೊಡಗಿತು. ಬಿಸಿಲು ಏರಿತ್ತು. ರೆಕ್ಕೆಯ ಬಿಳಿ ಬಣ್ಣದ ಮೇಲೆ ಎಣ್ಣೆಯ ಆವಿಯ ನೆರಳು ತೆಳ್ಳಗೆ ನಡುಗುತ್ತಿತ್ತು. ಅವಳು ಅದನ್ನೇ ನೋಡುತ್ತ ನಿಂತಳು.

ಟ್ಯಾಂಕರಿನ ಕಿಟಕಿಯಿಂದ ಮಗಳು ಕುತ್ತಿಗೆಯವರೆಗೂ ಹೊರಗೆ ಬಾಗಿದ್ದಳು.

"ಅಮ್ಮಾ!"

"ಏನೇ? ಬೀಳ್ತೀಯ, ಒಳಗೆ ಹೋಗು."

"ಅವ್ರು ಬಿಡಿ ಅಂದ್ರು, ಅದಕ್ಕೆ ವಿಮಾನ ಬಿಟ್ಟೆ. ಸರಿ. ನನ್ನ ಬಿಟ್ಟು ಹೋಗು ಅಂತ ನಿಂಗೆ ಯಾರಾದ್ರೂ ಹೇಳಿದ್ರಾ, ಇಲ್ಲ ನೀನಾಗೇ ಹೋಗ್ತಿದ್ದೀಯಾ?"